ಹುಟ್ಟಿದ ತಾರೀಖು ಸರಿಯಿಲ್ಲ

ರೈತರ ಗುರುತಿನ ಚೀಟಿಯಲ್ಲಿ ಹುಟ್ಟಿದ ತಾರೀಖು ತಪ್ಪಬಾರದೆಂದು ಎಕ್ಸ್‌ಎಂಎಲ್ ಸ್ಕೀಮಾದಲ್ಲಿ, ಅಂದರೆ ಕಂಪ್ಯೂಟರ್ ಯಾವುದನ್ನು ಒಪ್ಪಬೇಕೆಂದು ಹೇಳುವ ನಿಯಮಪಟ್ಟಿಯಲ್ಲಿ, ನಾನೇ ಒಂದು ಪ್ಯಾಟರ್ನ್ ಬರೆದಿದ್ದೆ: ಎರಡಂಕಿ, ಅಡ್ಡಗೆರೆ, ಎರಡಂಕಿ, ಅಡ್ಡಗೆರೆ, ನಾಲ್ಕಂಕಿ. ಹಾಸನದ ಆಫೀಸಿನಲ್ಲಿ ಬೆನ್ನು ತಟ್ಟಿಸಿಕೊಂಡು, ಅದು ಕೆಲಸ ಮಾಡುವ ಚೆಂದ ನೋಡಲು ಅರಕಲಗೂಡಿಗೆ ಹೋದೆ.

ಅಲ್ಲಿ ಚೀಟಿ ಮಾಡಿಕೊಡುವ ಕೌಂಟರಿನ ಮುಂದೆ ಹೊಗೆಸೊಪ್ಪು ಬೆಳೆಯುವ ತಿಮ್ಮೇಗೌಡರು ಸ್ಕೂಲ್ ಸರ್ಟಿಫಿಕೇಟ್ ಹಿಡಿದು ನಿಂತಿದ್ದರು. ಅದರಲ್ಲಿ 5-6-1948 ಎಂದಿತ್ತು. ಆಪರೇಟರ್ ಸಾವಿತ್ರಮ್ಮ ಅದನ್ನೇ ಒತ್ತಿದರು. ‘ತಾರೀಖು ಸರಿಯಿಲ್ಲ’ ಎಂದಿತು ಕಂಪ್ಯೂಟರ್.

“ಇದಕ್ಕೇ ಇವರನ್ನ ಎರಡು ಸಲ ವಾಪಸ್ ಕಳಿಸಿದೀನಿ ಸಾರ್. ಮತ್ತೆ ಅದೇ ಸುಳ್ಳು ತಾರೀಖು ತಂದಿದಾರೆ.”

ಐದಕ್ಕೂ ಆರಕ್ಕೂ ಮೊದಲು ಒಂದೊಂದು ಸೊನ್ನೆ ಬೇಕು ಎಂದು ತಿಳಿಸುವ ಸೌಜನ್ಯ ನನ್ನ ಪ್ಯಾಟರ್ನಿಗೆ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಸಾವಿತ್ರಮ್ಮ ರೇಗಿ ಬರೀ ಒಂಬತ್ತನ್ನೇ ಕುಟ್ಟಿದರು: 99-99-9999. ಅಂಕಿ ಎಣಿಸುವುದಷ್ಟೇ ಗೊತ್ತಿದ್ದ ನನ್ನ ಪ್ಯಾಟರ್ನ್ ಮರುಮಾತಿಲ್ಲದೆ ಒಪ್ಪಿಕೊಂಡಿತು. ಚೀಟಿಯೂ ಹೊರಬಂತು.

ಗೌಡರು ಕನ್ನಡಕ ಏರಿಸಿ ಓದಿದರು. ಆಮೇಲೆ ನನ್ನನ್ನೇ ನೋಡಿದರು.

“ಈ ಲೆಕ್ಕದಾಗೆ ನಾನಿನ್ನೂ ಉಟ್ಟೇ ಇಲ್ವಲ್ಲ ಸಾ. ಅಂಗಾದ್ರೆ ಮೂರು ಸಲ ಬಸ್ಸಲ್ಲಿ ನಿಂತ್ಕಂಡು ಬಂದೋನು ಯಾರು?”