ನಲವತ್ತು ಮೈಲಿನ ನಡುಕ

ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಹೊಲಿಗೆ ಅಂಗಡಿ, ಎದುರಿಗೆ ದಸ್ತಗೀರಸಾಬರ ಗ್ಯಾರೇಜು. ನಡುವೆ ಹನ್ನೆರಡು ಹೆಜ್ಜೆಯ ಹಾದಿ. ಇಪ್ಪತ್ತು ವರ್ಷ ನಾನು ಮಷೀನು ತುಳಿಯುತ್ತ ಅವರ ಕೆಲಸ ನೋಡಿದ್ದೇನೆ, ಅವರು ಕೆಲಸ ಮಾಡುತ್ತ ನನ್ನ ಹರಟೆ ಕೇಳಿದ್ದಾರೆ. ಟೇಲರ್ ಪರಪ್ಪನ ಬಾಯಿ ಅವನ ಕತ್ತರಿಗಿಂತ ಉದ್ದ ಎಂದು ಊರವರು ಹೇಳುವುದು ಸುಳ್ಳಲ್ಲ. ಆ ಬಾಯಿಂದಲೇ ಒಬ್ಬ ಒಳ್ಳೆಯ ಮನುಷ್ಯನ ಬಾಳು ಕೆಡಿಸುವುದರಲ್ಲಿ ನಾನೂ ಕೈ ಹಾಕಿದೆ. ಅದಕ್ಕೇ ರಾಚಪ್ಪನ ಕಥೆಯನ್ನು ನಾನೇ ಹೇಳಬೇಕು.

ರಾಚಪ್ಪ ಇಂಗಳೇಶ್ವರದವನು, ತಾಂಬಾದ ಶಂಕರೆಪ್ಪಗೌಡರ ಡ್ರೈವರ್. ಎಪ್ಪತ್ತೊಂದರಲ್ಲಿ ಗೌಡರು ಸೊಲ್ಲಾಪುರದ ಗಿರಣಿ ಮಾಲಕರೊಬ್ಬರ ಹತ್ತಿರ ಒಂದು ಹಳೆಯ ಅಮೇರಿಕದ ಕಾರು ಕೊಂಡರು. ಕೆನೆಬಣ್ಣದ ಗಾಡಿ, ಒಳಗೆ ಮಂಚದಷ್ಟು ಅಗಲದ ಸೀಟು. ಸುತ್ತಿನ ನಾಲ್ಕು ತಾಲೂಕುಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಇಂಡಿ ಪಟ್ಟಣದಲ್ಲಿ ನಿಲ್ಲಿಸಿದರೆ ಸಂತೆಯ ಮಂದಿ ಸಂತೆ ಬಿಟ್ಟು ನೋಡಲು ಬರುತ್ತಿದ್ದರು.

ಗಾಡಿ ಎಷ್ಟು ದೊಡ್ಡದೋ ರಾಚಪ್ಪ ಅಷ್ಟು ಸಣ್ಣವ. ಸೀಟಿನ ಮೇಲೆ ಕಂಬಳಿ ಮಡಚಿ ಹಾಕಿಕೊಂಡು ಕುಳಿತರೇ ಅವನಿಗೆ ಹಾದಿ ಕಾಣುವುದು. ನನ್ನ ಹತ್ತಿರ ಎರಡು ಜೊತೆ ಖಾಕಿ ಬಟ್ಟೆ ಹೊಲಿಸಿದ. ಒರೆಸುವಾಗ ಗುಂಡಿ ತಾಗಿ ಬಣ್ಣಕ್ಕೆ ಗೀರು ಬೀಳಬಾರದೆಂದು ಗುಂಡಿಯ ಮೇಲೆ ಮುಚ್ಚುವ ಪಟ್ಟಿ ಇಡಿಸಿಕೊಂಡ. "ಹೆಂಡ್ತಿಗಿ ಇಷ್ಟು ಕಾಳಜಿ ಮಾಡ್ತೀಯೇನೋ?" ಎಂದು ಕೇಳಿದೆ. "ಆಕಿಗಿ ಗೀರ ಬಿದ್ರ ಆಕೀನ ಹೇಳ್ತಾಳ್ರಿ ಪರಪ್ಪಣ್ಣ, ಇದಕ್ಕ ಬಾಯಿ ಇಲ್ಲಲ್ಲ" ಎಂದ. ನಾನು ನಕ್ಕೆ. ಆದರೆ ಅವನು ನಗಿಸಲು ಹೇಳಿದ್ದಲ್ಲ.

ಇನ್ನು ದಸ್ತಗೀರಸಾಬರು. ಗಾಡಿ ಬಂದ ಕೂಡಲೇ ಅವರು ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಿರಲಿಲ್ಲ. ಎಡ ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟು, ಕಣ್ಣು ಮುಚ್ಚಿ, ಬಾಯಲ್ಲಿ ಎಲೆ ಅಡಿಕೆ ಅಗಿಯುತ್ತ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಇಂಥಲ್ಲಿ ಇಂಥ ರೋಗ ಎಂದು ಹೇಳಿದರೆ ಬಿಚ್ಚಿದಾಗ ಅದೇ ಇರುತ್ತಿತ್ತು. ಮುದ್ದೇಬಿಹಾಳದಿಂದ, ಬಸವನ ಬಾಗೇವಾಡಿಯಿಂದ ಲಾರಿಯವರು ಬರುತ್ತಿದ್ದರು. ಸಾಬರ ಕೈ ಹೇಳಿತೆಂದರೆ ಮುಗಿಯಿತು, ಅದರ ಮೇಲೆ ಅಪೀಲು ಇರಲಿಲ್ಲ.

ಎಪ್ಪತ್ತಮೂರರ ಮಹಾನವಮಿಯ ಮುಂದೆ ಆ ಕಾರಿನ ಗೇರ್ ಬಾಕ್ಸಿನಿಂದ ಎಣ್ಣೆ ಸೋರತೊಡಗಿತು. ಆ ಬಾಕ್ಸನ್ನು ಇಳಿಸಬೇಕಾದರೆ ಹಿಂದಿನ ಗಾಲಿಗಳನ್ನು ತಿರುಗಿಸುವ ಉದ್ದನೆಯ ಶಾಫ್ಟನ್ನು ಬಿಚ್ಚಬೇಕು. ಅದು ಎರಡು ತುಂಡು. ಒಂದರ ಹಲ್ಲು ಇನ್ನೊಂದರೊಳಗೆ ಹೋಗಿ ಕೂಡುತ್ತದೆ. ಬಿಚ್ಚುವಾಗ ಹೇಗಿತ್ತೋ ಹಾಗೆಯೇ ತಿರುಗಿ ಕೂಡಿಸಬೇಕು. ಅದಕ್ಕಾಗಿ ಸಾಬರು ಎಲೆಯ ಡಬ್ಬಿಯಿಂದ ಸುಣ್ಣ ತೆಗೆದು ಎರಡೂ ತುಂಡಿಗೆ ಸೇರಿ ಬೆರಳಿನಿಂದ ಒಂದು ಬಿಳಿ ಗೆರೆ ಎಳೆಯುತ್ತಿದ್ದರು. ಕೂಡಿಸುವಾಗ ಗೆರೆಗೆ ಗೆರೆ ಹೊಂದಿಸಿದರೆ ಸಾಕು.

ಬೇಕಾದ ಸಾಮಾನು ಸೊಲ್ಲಾಪುರದಿಂದ ಬರುವುದು ತಡವಾಯಿತು. ಅಷ್ಟರಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಬಂತು. ಆ ದಿನ ಸಾಬರು ಗ್ಯಾರೇಜಿನ ಕೀಲಿಯನ್ನೇ ರಾಚಪ್ಪನ ಕೈಗೆ ಕೊಟ್ಟರು. "ಪೂಜಿ ಚಂದಂಗ ಮಾಡು, ನನಗ ಟೆಂಗಿನ ಹೋಳ ಇಡು" ಎಂದರು. ರಾಚಪ್ಪ ಬಿಚ್ಚಿಟ್ಟ ಒಂದೊಂದು ಸಾಮಾನನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿ ಕಾಯಿ ಒಡೆದ. ಒಂದು ಹೋಳು ನಾನೂ ತಿಂದೆ. ಎರಡು ದಿನ ಬಿಟ್ಟು ಸಾಮಾನು ಬಂತು. ಸಾಬರು ಎಲ್ಲವನ್ನೂ ಚಿಂದಿಯಿಂದ ಒರೆಸಿ, ಗೆರೆ ನೋಡಿ ಕೂಡಿಸಿ ಗಾಡಿ ಕಳಿಸಿದರು.

ನಮ್ಮ ಕಡೆಯ ಹಾದಿಗಳು ಮೂವತ್ತು ಮೈಲಿನ ಮೇಲೆ ಯಾರನ್ನೂ ಓಡಗೊಡುವುದಿಲ್ಲ. ಹೀಗಾಗಿ ದೀಪಾವಳಿಯವರೆಗೆ ಏನೂ ಗೊತ್ತಾಗಲಿಲ್ಲ. ಹಬ್ಬಕ್ಕೆ ಗೌಡರ ಮಗಳು ಸುಂದರವ್ವನನ್ನು ಗಂಡನ ಮನೆಯಿಂದ ಕರೆತರಲು ರಾಚಪ್ಪ ಒಬ್ಬನೇ ಮುದ್ದೇಬಿಹಾಳಕ್ಕೆ ಹೋದ. ಹಾದಿಯಲ್ಲಿ ಇಂಗಳೇಶ್ವರಕ್ಕೆ ಹೊರಳಿ ಹೆಂಡತಿ ಕಸ್ತೂರೆವ್ವನ ಕೈಯ ರೊಟ್ಟಿ ಉಂಡ. ಬಾಗೇವಾಡಿ ದಾಟಿ ಒಳ್ಳೆಯ ಡಾಂಬರು ಸಿಕ್ಕಾಗ ಗಾಡಿ ನಲವತ್ತಕ್ಕೆ ಏರಿತು. ಏರಿದ್ದೇ ತಡ, ಸೀಟಿನ ಕೆಳಗಿನಿಂದ ನಡುಕ ಹತ್ತಿತು.

ಮರಳಿ ಬಂದವನು ತಾನಾಗಿಯೇ ಗೌಡರ ಮುಂದೆ ನಿಂತು ಹೇಳಿದ. "ಗೌಡ್ರ, ನಲವತ್ತು ದಾಟಿದ್ರ ಗಾಡಿ ನಡಗತೈತ್ರಿ. ಸಾಬರಿಗಿ ತೋರ್ಸಬೇಕು." ಸುಮ್ಮನಿದ್ದರೆ ಗೌಡರಿಗೆ ತಿಳಿಯುತ್ತಲೇ ಇರಲಿಲ್ಲ. ಅವರು ಎಂದೂ ಮೂವತ್ತರ ಮೇಲೆ ಹೋಗಗೊಟ್ಟವರಲ್ಲ.

ಸಾಬರು ಮೂರು ದಿನ ಆ ನಡುಕದ ಬೆನ್ನು ಹತ್ತಿದರು. ಹಿಂದಿನ ಗಾಲಿ ಮುಂದೆ, ಮುಂದಿನದು ಹಿಂದೆ ಹಾಕಿದರು, ನಡುಕ ಹೋಗಲಿಲ್ಲ. ಓಟದಲ್ಲಿ ಗೇರು ತಪ್ಪಿಸಿ ನೋಡಿದರು, ಆಗಲೂ ಇತ್ತು. ಅಂದರೆ ಎಂಜಿನ್ನಿನದಲ್ಲ. ಕೆಳಗೆ ಮಲಗಿ ಶಾಫ್ಟು ಹಿಡಿದು ಅಲುಗಿಸಿದರು. ಅದು ಬಾಗಿರಲಿಲ್ಲ, ಕೀಲು ಸಡಿಲವಾಗಿರಲಿಲ್ಲ. ಬಿಚ್ಚಿ ನೋಡಲಿಲ್ಲ. ಯಾಕೆ ಬಿಚ್ಚಬೇಕು? ತಾವೇ ಗುರುತು ನೋಡಿ ಕೂಡಿಸಿದ್ದು. ನನಗೆ ಈಗಲೂ ಸಿಟ್ಟು ಬರುವುದು ಆ ಒಂದು ಗಳಿಗೆಯ ಮೇಲೆ. ಲೋಕದ ಕೈಗಳನ್ನೆಲ್ಲ ಸಂಶಯದಿಂದ ನೋಡುವ ಮನುಷ್ಯ ತನ್ನ ಕೈಯೊಂದನ್ನು ಬಿಟ್ಟುಬಿಟ್ಟ.

ನಾಲ್ಕನೆಯ ದಿನ ಗೌಡರು ಬಂದರು. ಸಾಬರು ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದರು: "ಚೆಸಿಗಿ ಪೆಟ್ಟ ಬಿದ್ದೈತ್ರಿ ಗೌಡ್ರ. ಅಡಿಯ ಚೌಕಟ್ಟನ ತಿರುಚೇತಿ. ಎಲ್ಲ್ಯೋ ತಗ್ಗಿಗಿ ಇಳದೈತಿ. ಇದಕ್ಕ ಮದ್ದಿಲ್ಲ."

ಗೌಡರು ರಾಚಪ್ಪನ ಕಡೆ ತಿರುಗಿದರು. "ಎಲ್ಲಿ ಇಳಿಸಿದೆಲೇ?"

ರಾಚಪ್ಪ ಕೊರಳ ಲಿಂಗ ಹಿಡಿದುಕೊಂಡ. "ಈ ಲಿಂಗದ ಆಣಿ, ಎಲ್ಲೂ ಇಳಿಸಿಲ್ರಿ ಯಪ್ಪಾ."

"ಸುಂದರವ್ವನ್ನ ಕೇಳೇನಿ, ಆಕಿ ಹತ್ತಿದಾಗಿಂದ ನಡಗತಿತ್ತಂತ. ಅದಕ್ಕ ಮದ್ಲ ಗಾಡ್ಯಾಗ ನೀ ಒಬ್ಬನ ಇದ್ದಿ. ಇಂಗಳೇಶ್ವರಕ್ಕ ಹೋಗಂತ ನಿನಗ ಯಾರ ಹೇಳಿದ್ರು? ಸಾಬರ ಕೈ ಸುಳ್ಳೋ, ನೀ ಸುಳ್ಳೋ?"

ರಾಚಪ್ಪ ಸಾಬರ ಮುಖ ನೋಡಿದ. ಸಾಬರು ಚಿಂದಿಯಿಂದ ಕೈ ಒರೆಸಿಕೊಳ್ಳುತ್ತಿದ್ದರು. ಗೌಡರು ಕೀಲಿ ಕಸಿದುಕೊಂಡರು.

ಅಂದು ಮಧ್ಯಾಹ್ನ ಅವನು ನನ್ನ ಅಂಗಡಿಯ ಕಟ್ಟೆಗೆ ಬಂದ. "ಪರಪ್ಪಣ್ಣ, ನಾ ಗಾಡಿ ಹೆಂಗ ಹೊಡಿತೇನಿ ನಿನಗ ಗೊತ್ತೈತಿ. ಸಾಬರಿಗಿ ನಿನ್ನ ಮಾತ ನಡಿತೈತಿ. ಇನ್ನೊಮ್ಮಿ ಬಿಚ್ಚಿ ನೋಡ್ರಿ ಅನ್ನು, ಇಷ್ಟ ಹೇಳು." ಕಟ್ಟೆಯ ಮೇಲೆ ನಾಲ್ಕು ಮಂದಿ ಕುಳಿತಿದ್ದರು. ನಾಲ್ಕು ಮಂದಿ ಇದ್ದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ನಡಗತೈತಿ ಅಂತ ಮದ್ಲ ಹೇಳಿದಾವ ನೀನ ಅಲ್ಲೇನೋ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗಾತು!" ಎಂದುಬಿಟ್ಟೆ. ಎಲ್ಲರೂ ನಕ್ಕರು. ರಾಚಪ್ಪನೂ ನಕ್ಕ. ನಕ್ಕು, ಬಾಗೇವಾಡಿ ಬಸ್ಸು ಹತ್ತಿ ಹೋದ. ಆ ಮಾತು ನನಗಿಂತ ಮುಂದೆ ಊರೂರು ತಿರುಗಿತು. ಮಾಲಕರ ಗಾಡಿ ತಗ್ಗಿಗೆ ಹಾಕಿ ಸುಳ್ಳು ಆಣೆ ಮಾಡಿದವನೆಂದು ನಾಲ್ಕು ತಾಲೂಕಿನಲ್ಲಿ ಯಾರೂ ಅವನ ಕೈಗೆ ಸ್ಟೇರಿಂಗು ಕೊಡಲಿಲ್ಲ. ಗೊಳಸಂಗಿಯ ಹತ್ತಿರ ರಸ್ತೆ ಕೆಲಸದಲ್ಲಿ ಕಲ್ಲು ಒಡೆಯುತ್ತಾನೆಂದು ಆಮೇಲೆ ಕೇಳಿದೆ.

ನಾಲ್ಕು ವರ್ಷ ಕಳೆದವು. ಎಪ್ಪತ್ತೇಳರ ಖಂಡೆ ಪೂಜೆಯ ದಿನ ಸಾಬರು ನನ್ನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಎದುರಿಗೆ ಗ್ಯಾರೇಜಿನಲ್ಲಿ ಬಸಣ್ಣನೆಂಬ ಲಾರಿ ಡ್ರೈವರ್ ಬಿಚ್ಚಿಟ್ಟ ಶಾಫ್ಟಿಗೆ ಪೂಜೆ ಮಾಡುತ್ತಿದ್ದ. ಸೀಮೆಎಣ್ಣೆಯ ಚಿಂದಿಯಿಂದ ಒರೆಸಿದಾಗ ಸಾಬರು ಎಳೆದ ಸುಣ್ಣದ ಗೆರೆ ಹೋಯಿತು. ಒದ್ದೆ ವಿಭೂತಿಯಲ್ಲಿ ಬೆರಳದ್ದಿ ಎರಡೂ ತುಂಡಿನ ಮೇಲೆ, ತನಗೆ ಕೈ ನಿಲುಕಿದಲ್ಲಿ, ಬಿಳಿ ಗೆರೆ ಎಳೆದ.

ಸಾಬರ ಕೈಯಲ್ಲಿನ ಚಹಾದ ಬಸಿ ಕೆಳಗೆ ಬಿತ್ತು. "ಪರಪ್ಪಾ, ಆವತ್ತ ನಾ ನೋಡಿ ಕೂಡಿಸಿದ್ದು ನನ್ನ ಸುಣ್ಣ ಅಲ್ಲೋ."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ರಾಚಪ್ಪ ಭಕ್ತಿಯಿಂದ ತೊಳೆದಾಗ ಗುರುತು ಹೋಗಿತ್ತು. ಒರೆಸಿದ ಮೇಲೂ ಉಳಿದ ಒಣ ವಿಭೂತಿಯ ಗೆರೆಗಳನ್ನೇ ಸಾಬರು ತಮ್ಮ ಗುರುತೆಂದು ಹೊಂದಿಸಿದ್ದರು. ಹಲ್ಲು ತಪ್ಪಿ ಕೂಡಿದ ಆ ಶಾಫ್ಟೇ ವೇಗ ಏರಿದಾಗ ಗಾಡಿಯನ್ನು ನಡುಗಿಸುತ್ತಿತ್ತು. ಚೆಸಿಗೆ ಪೆಟ್ಟೂ ಬಿದ್ದಿರಲಿಲ್ಲ, ಗಾಡಿ ತಗ್ಗಿಗೂ ಇಳಿದಿರಲಿಲ್ಲ.

ಮರುದಿನವೇ ತಾಂಬಾಕ್ಕೆ ಹೋದೆವು. ಸಾಬರು ಗೌಡರ ಅಂಗಳದಲ್ಲೇ ಕಾರಿನ ಕೆಳಗೆ ಮಲಗಿ ಶಾಫ್ಟು ಬಿಚ್ಚಿ, ಮೂರು ಹಲ್ಲು ತಿರುಗಿಸಿ ಕೂಡಿಸಿದರು. ಗೌಡರನ್ನು ಕೂಡಿಸಿಕೊಂಡು ಇಂಡಿಯ ಹಾದಿಗೆ ಹೋಗಿ, ಒಳ್ಳೆಯ ತುಂಡು ನೋಡಿ ಐವತ್ತಕ್ಕೆ ಏರಿಸಿದರು. ಗಾಡಿ ಅಲುಗಲಿಲ್ಲ. ಮನೆಗೆ ಮರಳಿದ ಕೂಡಲೇ ಗೌಡರು, "ಕಾರ ತಗೊಂಡ ಹೋಗ್ರಿ. ಅವನ್ನ ಕರಕೊಂಡ ಬರ್ರಿ. ಕೀಲಿ ಅವನ ಕೈಯಾಗ ಕೊಡ್ತೇನಿ" ಎಂದರು.

ಇಂಗಳೇಶ್ವರಕ್ಕೆ ಹೋಗುವಾಗ ನಾವಿಬ್ಬರೂ ಮದುವೆಗೆ ಹೊರಟವರ ಹಾಗೆ ಇದ್ದೆವು. ರಾಚಪ್ಪ ಕೆಲಸದಿಂದ ಆಗಷ್ಟೇ ಬಂದಿದ್ದ. ಮೈಯೆಲ್ಲ ಕಲ್ಲಿನ ಪುಡಿ. ಕಾರು ಕಂಡವನೇ ದೂರ ನಿಂತು ಕೈ ಮುಗಿದ. ಸಾಬರು ತಲೆಯ ಟೋಪಿ ತೆಗೆದು ಸುಣ್ಣದ್ದು, ವಿಭೂತಿಯದ್ದು, ತಮ್ಮ ಸೊಕ್ಕಿನದ್ದು, ಎಲ್ಲ ಹೇಳಿದರು. "ನೀ ಎಲ್ಲೂ ಇಳಿಸಿಲ್ಲ ರಾಚಪ್ಪ. ತಪ್ಪ ಮಾಡಿದಾವ ನಾನು."

ರಾಚಪ್ಪ ಕೇಳಿಸಿಕೊಂಡು ತಲೆ ಅಲ್ಲಾಡಿಸಿದ. "ಇಲ್ರಿ ಸಾಬರ. ನಾನ ಇಳಿಸಿದ್ದು."

"ಎಲ್ಲಿ ಇಳಿಸಿದ್ಯೋ?" ನಾನು ಕೂಗಿದೆ.

"ಬಾಗೇವಾಡಿ ದಾಟಿ, ಹುಣಸಿ ಗಿಡದ ಹತ್ರ. ಎದುರಿಗಿ ಬಂಡಿ ಬಂತ್ರಿ. ಹೊರಳಿಸಿದೆ, ಎಡಕಿನ ಗಾಲಿ ತಗ್ಗಿಗಿ ಹೋತು. ಅಂಜಿ ಸುಳ್ಳ ಹೇಳಿದೆ. ಲಿಂಗಾ ಹಿಡದ ಸುಳ್ಳ ಹೇಳಿದೆ." ಅವನ ದನಿಯಲ್ಲಿ ತಡವರಿಕೆ ಇರಲಿಲ್ಲ.

ಕಸ್ತೂರೆವ್ವ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. "ಮದ್ಲ ಒಂದ ವರ್ಸ ಇಲ್ಲ ಇಲ್ಲ ಅಂತಿದ್ದನ್ರಿ" ಎಂದಳು. "ಆಮ್ಯಾಲ, ಸಾಬರ ಕೈ ಎಂದೂ ತಪ್ಪಿಲ್ಲ, ನನಗ ನೆಪ್ಪ ಹಾರಿರಬೇಕು ಅಂತ ದಿನಾ ವಿಚಾರ ಮಾಡ್ಕೋತ ಕುಂದರತಿದ್ದ. ಈಗ ಬಂಡಿ ಬಂತು ಅಂತಾನ. ಎತ್ತಿನ ಬಣ್ಣ ಸುದ್ಧಾ ಹೇಳ್ತಾನ್ರಿ. ಆವತ್ತ ಯಾರರೆ ಒಬ್ಬರು ಅವಗ, ನಿನ್ನ ಮಾತ ಖರೆ ಅಂದಿದ್ರ ಸಾಕಿತ್ರಿ." ಆಕೆ ಯಾರ ಮುಖವನ್ನೂ ನೋಡದೆ ಹೇಳಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

"ಹತ್ತು" ಎಂದರು ಸಾಬರು. "ಬಾಯಿಮಾತ ಬ್ಯಾಡ. ಗಾಡೀನ ಹೇಳ್ಲಿ."

ಸ್ಟೇರಿಂಗು ಹಿಡಿಯಲು ಅವನು ಒಪ್ಪಲಿಲ್ಲ. "ನನ್ನ ಕೈ ಖಾತ್ರಿ ಇಲ್ರಿ" ಎಂದು ಸಾಬರ ಪಕ್ಕದಲ್ಲಿ ಮುದುಡಿ ಕುಳಿತ. ನಾನು ಹಿಂದೆ ಕುಳಿತೆ. ಗೊಳಸಂಗಿಯ ಕಡೆಯ ಡಾಂಬರಿಗೆ ಬಂದೆವು. ಮೂವತ್ತೈದು. ನಲವತ್ತು. ನಲವತ್ತೈದು. ಎಣ್ಣೆಯಲ್ಲಿ ಜಾರಿದ ಹಾಗೆ ಗಾಡಿ ಹೋಗುತ್ತಿತ್ತು. ಮಡಿಲಲ್ಲಿಟ್ಟಿದ್ದ ನನ್ನ ಕೈ ಕೂಡ ಅಲುಗಲಿಲ್ಲ.

"ಈಗ ಹೇಳು, ರಾಚಪ್ಪ."

ರಾಚಪ್ಪ ಎರಡೂ ಅಂಗೈಗಳನ್ನು ಸೀಟಿಗೆ ಒತ್ತಿ ಕಣ್ಣು ಮುಚ್ಚಿದ. "ನಡಗಾಕತ್ತೈತಿ ಅಲ್ರಿ" ಎಂದ.

ಸಾಬರು ಗಾಡಿಯನ್ನು ಹಾದಿಯ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದರು. ಸ್ಟೇರಿಂಗಿನ ಮೇಲೆ ಹಣೆಯಿಟ್ಟು, ಅರವತ್ತರ ಮುದುಕ, ಬಿಕ್ಕಿ ಬಿಕ್ಕಿ ಅತ್ತರು. ರಾಚಪ್ಪ ಗಾಬರಿಯಾಗಿ ತನ್ನ ಒಡೆದ ಕೈಯಿಂದ ಅವರ ಬೆನ್ನು ಸವರತೊಡಗಿದ.

"ಅಳಬ್ಯಾಡ್ರಿ ಸಾಬರ, ಅಳಬ್ಯಾಡ್ರಿ. ನೀವೇನ ಮಾಡೀರಿ? ತಪ್ಪ ನಂದೈತಿ."