ಪಟ್ಟಿಯಲ್ಲಿಲ್ಲದ ಲೈಬ್ರರಿ

2023ರಲ್ಲಿ ನಾನು ತಮಿಳುನಾಡಿನ ತುಡಿಯಲೂರಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರ್. ಹಾಸನ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಬಿಡುವಿನಲ್ಲಿ, ಕಸೂತಿ ಮೆಷಿನ್‌ಗಳಿಗೆ ವಿನ್ಯಾಸ ಕಳಿಸುವ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ಅಂದರೆ, ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಒಪ್ಪುವುದು ಬಿಡುವುದು ನನ್ನ ಕೈಯಲ್ಲಿತ್ತು. ಆ ಅಧಿಕಾರ ಸ್ವಲ್ಪ ತಲೆಗೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕೋಡನ್ನು ಓಡುವ ಪ್ರೋಗ್ರಾಂ ಆಗಿ ಜೋಡಿಸುವುದಕ್ಕೆ ಬಿಲ್ಡ್ ಎನ್ನುತ್ತೇವೆ. ಅದಕ್ಕೆ ಬೇಕಾದ ಲೈಬ್ರರಿಗಳ, ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ, ಪಟ್ಟಿ ಕಾನ್ಫಿಗರೇಶನ್ ಫೈಲಿನಲ್ಲಿರಬೇಕು. ಆರು ವರ್ಷ ಪ್ರತಿ ಬಿಲ್ಡನ್ನೂ ನನ್ನ ಲ್ಯಾಪ್‌ಟಾಪಿನಲ್ಲೇ ಮಾಡಿದ್ದೆ. ಆ ಜೂನ್‌ನಲ್ಲಿ ಕೆಲಸವನ್ನು ಸರ್ವರಿಗೆ ವರ್ಗಾಯಿಸಿದೆ. ಅಲ್ಲಿಗೆ ಮೊದಲು ಹೋದದ್ದು ಮಡತ್ತುಕುಳಂನ ರುಕ್ಮಿಣಿ ಕಳಿಸಿದ ತಿದ್ದುಪಡಿ. ಬಿಲ್ಡ್ ಕೆಟ್ಟಿತು.

ಮನೆಯಲ್ಲಿ ಕನ್ನಡವಾಡುವ ಅಲ್ಲಿನ ಕುಟುಂಬದ ರುಕ್ಮಿಣಿ ತನ್ನ ಮಾವನ ಕಸೂತಿ ಘಟಕದಲ್ಲಿ ಮೆಷಿನ್ ನಡೆಸುತ್ತ, ಅಲ್ಲಿನ ಕಂಪ್ಯೂಟರಿನಲ್ಲೇ ಪ್ರೋಗ್ರಾಮಿಂಗ್ ಕಲಿತವಳು. ನಾನು ಹಿಂದೆಮುಂದೆ ನೋಡದೆ ಅವಳ ತಿದ್ದುಪಡಿ ತೆಗೆದುಹಾಕಿ, "ಪರೀಕ್ಷಿಸದೆ ಕಳಿಸಬೇಡಿ" ಎಂದು ಎಲ್ಲರಿಗೂ ಕಾಣುವಂತೆ ಇಂಗ್ಲಿಷಿನಲ್ಲಿ ಬರೆದೆ. ತೆಗೆದ ಮೇಲೂ ಬಿಲ್ಡ್ ಕೆಟ್ಟೇ ಇತ್ತು. ನಾನು ಬೆಪ್ಪಾದೆ.

ಎರಡು ದಿನ ತಡಕಾಡಿದ ಮೇಲೆ ಕಾರಣ ಸಿಕ್ಕಿತು. ದಾರದ ಬಣ್ಣ ಹೊಂದಿಸುವ ಒಂದು ಲೈಬ್ರರಿಯನ್ನು ಆರು ವರ್ಷದ ಹಿಂದೆ ನಾನೇ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೆ. ಪಟ್ಟಿಗೆ ಸೇರಿಸುವುದನ್ನು ಮರೆತಿದ್ದೆ; ಹಾಗಾಗಿ ಸರ್ವರಿನಲ್ಲಿ ಅದು ಇರಲೇ ಇಲ್ಲ. ನಾಚಿಕೆಯಾಯಿತು. ರುಕ್ಮಿಣಿಗೆ ಫೋನ್ ಮಾಡಿ, ಕಾರಣ ಹೇಳಿ ಕ್ಷಮೆ ಕೇಳಿದೆ.

"ಆ ತೊಂದ್ರೆ ನಂಗೆ ಮೊದಲ್ನೇ ದಿನವೇ ಬಂತಲ್ಲ ಅಣ್ಣಾ. ಹುಡುಕಿ ಹುಡುಕಿ ಆ ಲೈಬ್ರರಿ ನಾನೇ ಹಾಕ್ಕೊಂಡೆ," ಎಂದಳು.

"ಹೇಳಬಾರದಿತ್ತೇನಮ್ಮ?"

"ನಮ್ ಕಂಪ್ಯೂಟರ್ ರೊಂಬ ಹಳೇದು. ತಪ್ಪು ನಮ್ದೇ ಅಂದ್ಕೊಂಡೆ. ಈಗ ಮಾವ ಇನ್ಮೇಲೆ ಇದೆಲ್ಲ ಬೇಡ ಅಂದ್ಬಿಟ್ರು."

ನನ್ನ ಟಿಪ್ಪಣಿಯನ್ನು ಗಿರಾಕಿಯೊಬ್ಬರು ಮಾವನಿಗೆ ಓದಿ ಹೇಳಿದ್ದರಂತೆ. ಅವಳು ಕಲಿಯಲು ಇದ್ದದ್ದು ಅದೊಂದೇ ಕಂಪ್ಯೂಟರ್.

ಭಾನುವಾರ ಬಸ್ಸು ಹಿಡಿದು ಮಡತ್ತುಕುಳಂಗೆ ಹೋದೆ. ತಪ್ಪು ನನ್ನದು, ಅದನ್ನು ರುಕ್ಮಿಣಿ ನನಗಿಂತ ಮೊದಲೇ ಕಂಡುಹಿಡಿದಿದ್ದರು ಎಂದು ಅದೇ ಜಾಗದಲ್ಲಿ ಬರೆದಿದ್ದೆ. ಮಾವನಿಗೆ ಅದನ್ನು ತಮಿಳಿನಲ್ಲಿ ವಿವರಿಸಿದೆ. ಅವರು ತಮ್ಮ ಮನೆಮಾತಾದ ಕನ್ನಡಕ್ಕೆ ಬಂದು ಕೇಳಿದರು:

"ಇದ್ನೂ ಎಲ್ಲಾರೂ ಓದ್ತಾರಾ ತಂಬಿ?"

"ಓದ್ತಾರೆ."

ಅವರು ಎದ್ದು, ಕಂಪ್ಯೂಟರ್ ಮುಂದಿನ ಕುರ್ಚಿಯ ಮೇಲಿಟ್ಟಿದ್ದ ಬಟ್ಟೆಯ ಗಂಟನ್ನು ಕೆಳಗಿಳಿಸಿದರು. ರುಕ್ಮಿಣಿ ಬಂದು ಕೂತಳು. ಪಟ್ಟಿಗೆ ಆ ಲೈಬ್ರರಿಯ ಹೆಸರಿನ ಒಂದು ಸಾಲನ್ನು ಸೇರಿಸಿದವಳು ಅವಳೇ. ಬಿಲ್ಡ್ ಆಯಿತು.

ಅವಳಿಗಿಂತ ಮೊದಲು ಎಷ್ಟು ಜನ ಅಲ್ಲೇ ಸಿಕ್ಕಿಕೊಂಡು, ಕೊರತೆ ತಮ್ಮದೇ ಎಂದುಕೊಂಡು ಸುಮ್ಮನೆ ಹೋದರೋ ನನಗೆ ಗೊತ್ತಿಲ್ಲ. ಅದು ಈಗಲೂ ನೋಯಿಸುತ್ತದೆ. ಯಾರು ಹೊಸದಾಗಿ ಬಂದರೂ, ಎಲ್ಲಿ ಕಷ್ಟವಾಯಿತು ಎಂದು ಕೇಳುವುದನ್ನು ಈ ಕೆಲಸ ನನಗೆ ಕಲಿಸಿತು. ಎಲ್ಲೂ ಇಲ್ಲ ಸಾರ್ ಎನ್ನುತ್ತಾರೆ. ನಾನು ಇನ್ನೊಮ್ಮೆ ಕೇಳುತ್ತೇನೆ.