ಶಿಲುಬೆ ಗುಡ್ಡದ ಸುಣ್ಣ

ಥೆಮೆಲಿನಾಳ ಗಂಡ ಸಕೆಲ್ಲಾರಿಸ್‌ನನ್ನು ಯುದ್ಧಕಾಲದಲ್ಲಿ, ದ್ವೀಪವನ್ನು ಆಳುತ್ತಿದ್ದ ಇಟಲಿಯವರು ಅವನ ಹೇಸರಗತ್ತೆ ಸಮೇತ ಎಳೆದೊಯ್ದು, ಶಿಲುಬೆ ಗುಡ್ಡದ ಫಿರಂಗಿ ಠಾಣ್ಯಕ್ಕೆ ನೀರು ಹೊರಲು ಹಚ್ಚಿದರು. ಸಮುದ್ರದ ಕಡೆ ಬಾಯಿ ತೆರೆದ ನಾಲ್ಕು ಫಿರಂಗಿಗಳು, ಅವುಗಳ ನಡುವೆ ನಮ್ಮ ದ್ವೀಪದ ಪುಟ್ಟ ಗುಡಿ. ಊರವರನ್ನು ಅತ್ತ ಸುಳಿಯಗೊಡದೆ, ದೊರೆಗಳು ಗುಡಿಯ ಗೋಡೆಗೂ ಕೆಸರುಬಣ್ಣ ಬಳಿದಿದ್ದರು. ಗಂಡ ಜೀವಂತ ಮನೆಗೆ ಬಂದರೆ ಗುಡಿಗೆ ಸುಣ್ಣ ಹೊಡೆಯುತ್ತೇನೆಂದು ಥೆಮೆಲಿನಾ ಹರಕೆ ಹೊತ್ತಳು.

ನಲವತ್ಮೂರರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಯಿತು. ಸಕೆಲ್ಲಾರಿಸ್ ಮನೆಗೆ ಬಂದವನೇ ಸತ್ತವನಂತೆ ನಿದ್ದೆ ಹೋದ. ಶಿಲುಬೆ ಹಬ್ಬ ಹತ್ತಿರವಿತ್ತು. ಅವಳು ಸುಣ್ಣದ ಬಕೀಟು ಹೊತ್ತು ಗುಡ್ಡ ಹತ್ತಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ ಠಾಣ್ಯದ ಹವಾಲ್ದಾರ ಅಡ್ಡ ನಿಂತ.

"ಬ್ಯಾಡಮ್ಮ. ಬೆಳ್ಳಗಿದ್ರೆ ವಿಮಾನಕ್ಕೆ ಕಾಣ್ತದೆ."

"ಯಾರ ವಿಮಾನ? ನಿಮ್ ಯುದ್ಧ ಮುಗೀತಲ್ಲ. ಇಷ್ಟ್ ವರ್ಷ ನಮ್ ದೇವ್ರ ಮುಖಕ್ಕೆ ಕೆಸರು ಮೆತ್ತಿದ್ದು ಸಾಕಾಗ್ಲಿಲ್ವಾ?"

ಅವನು ತಲೆ ಕೆರೆದುಕೊಂಡ. ಅವನ ಮನೆಯಲ್ಲೂ ಇಂಥ ಬಾಯಿಯ ತಾಯಿ ಇದ್ದಳೇನೋ, ಏಣಿ ತಂದುಕೊಟ್ಟ.

ಯುದ್ಧ ಎಲ್ಲಿ ಮುಗಿದಿತ್ತು? ನಿನ್ನೆಯ ಗೆಳೆಯರಾದ ಜರ್ಮನರೇ ಇಟಲಿಯವರಿಗೆ ಶತ್ರುಗಳಾದರು. ಠಾಣ್ಯದವರು ಫಿರಂಗಿ ಬಿಟ್ಟು ಕದಲಲಿಲ್ಲ. ನೀರು ತಂದರೆ ರೊಟ್ಟಿ ಕೊಡುತ್ತೇವೆಂದರು. ಮನೆಯಲ್ಲಿ ಹಿಡಿ ಹಿಟ್ಟಿರಲಿಲ್ಲ, ಹಾಗಾಗಿ ಸಕೆಲ್ಲಾರಿಸ್ ಈ ಸಲ ತಾನಾಗಿಯೇ ಹೋದ. ಹಬ್ಬದ ಸುಣ್ಣ ಇನ್ನೂ ಮಾಸಿರಲಿಲ್ಲ, ಜರ್ಮನರ ವಿಮಾನಗಳು ಬಂದವು. ಫಿರಂಗಿ, ಗುಡಿ, ಹವಾಲ್ದಾರ, ಹೇಸರಗತ್ತೆ, ಸಕೆಲ್ಲಾರಿಸ್, ಯಾವುದೂ ಉಳಿಯಲಿಲ್ಲ. ಹೂಳುವುದಕ್ಕೂ ಏನೂ ಸಿಗಲಿಲ್ಲ.

ಆಮೇಲೆ ಥೆಮೆಲಿನಾ ಸುಣ್ಣ ಮುಟ್ಟಲಿಲ್ಲ. ಪ್ರತಿ ಈಸ್ಟರಿಗೆ ಓಣಿಯೆಲ್ಲ ಬೆಳ್ಳಗಾದರೆ ಅವಳ ಮನೆ ಮಾತ್ರ ಬೂದು. ನೆರೆಯ ಹೆಂಗಸರು ಬೈದರು, ತಾವೇ ಬಳಿಯುತ್ತೇವೆಂದರು, ಕೊನೆಗೆ ಸುಮ್ಮನಾದರು. ಅವಳ ಎದೆಯೊಳಗಿನದನ್ನು ಬಳಿಯಲು ಯಾರಿಂದ ಆಗುತ್ತಿತ್ತು?

ಊರಿಗೆ ಹೊಸದಾಗಿ ಬಂದ ಪಾದ್ರಿ ಒಂದು ದಿನ ಸಮಾಧಾನ ಹೇಳಲು ಬಂದ.

"ಎಲ್ಲಾ ಗುಡ್ಡದ್ ಮೇಲೂ ಬಾಂಬು ಬಿತ್ತಲ್ಲಮ್ಮ. ಫಿರಂಗಿ ಎಲ್ಲೆಲ್ಲವೆ ಅಂತ ಜರ್ಮನ್ರಿಗೆ ಮೊದ್ಲೇ ಗೊತ್ತಿತ್ತು, ಜೊತೇಲೇ ಇದ್ದೋರು ತಾನೆ. ನಿನ್ ಸುಣ್ಣದಿಂದ ಏನೂ ಆಗಿಲ್ಲ."

ಥೆಮೆಲಿನಾ ಅವನ ಮುಂದೆ ಕಾಫಿ ಇಟ್ಟಳು.

"ಹಂಗನ್ಬೇಡಿ ಸ್ವಾಮಿ. ನಾನೇ ಕೊಂದೆ ಅಂದ್ಕೊಂಡ್ರೆ ದೇವ್ರು ಉಳೀತಾನೆ. ನಾನಲ್ಲ ಅಂದ್ರೆ, ಅವ್ನೇ ಹರಕೇನೂ ಇಸ್ಕೊಂಡು ಗಂಡನ್ನೂ ಕಿತ್ಕೊಂಡ ಅಂತಾಯ್ತು. ಅಂಥವ್ನ ಮುಂದೆ ನಾನ್ ಹೆಂಗ್ ದೀಪ ಹಚ್ಲಿ?"

ಪಾದ್ರಿ ಕಾಫಿ ಕುಡಿದು ಎದ್ದ. ಅವಳು ಬದುಕಿರುವವರೆಗೂ ಅವನು ಆ ಮಾತನ್ನು ಮತ್ತೆ ಎತ್ತಲಿಲ್ಲ.